ಕಾವಲಿಲ್ಲದ ಕರಾವಳಿ

1942ನೆಯ ಇಸವಿಯ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಸುರಿದುವು. ಆದರೆ ಹೆಚ್ಚಿನ ಅನಾಹುತ ನಡೆದುದು ಊರುಗಳಲ್ಲಲ್ಲ, ಕಡಲಿನಲ್ಲಿ. ಅಡ್ಮಿರಲ್ ಒಝಾವನ ಪಡೆಯಲ್ಲಿದ್ದುದು ರ್ಯೂಜೊ ಎಂಬ ಒಂದೇ ವಿಮಾನವಾಹಕ ನೌಕೆ. ಆದರೂ ಆ ಪಡೆ ಕೆಲವೇ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ 20ಕ್ಕೂ ಹೆಚ್ಚು ಸರಕು ಹಡಗುಗಳನ್ನು ಮುಳುಗಿಸಿತು. ಅವಕ್ಕೆ ತಕ್ಕ ಬೆಂಗಾವಲಿರಲಿಲ್ಲ, ಮೇಲಿನಿಂದ ಕಾಯುವ ವಿಮಾನಗಳೂ ಇರಲಿಲ್ಲ. ಯುದ್ಧನೌಕೆಗಳ ಪಾಡೂ ಅಷ್ಟೇ. ಏಪ್ರಿಲ್ 9ರಂದು ಸಿಂಹಳದ ಬಳಿ ಮುಳುಗಿದ ಹರ್ಮಿಸ್, ಹೆಸರಿಗೆ ವಿಮಾನವಾಹಕ. ಆ ಹೊತ್ತಿಗೆ ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ!

ಸಿಂಹಳಕ್ಕೆ ಹರಿಕೇನ್ ವಿಮಾನಗಳ ಆಸರೆಯಾದರೂ ಇದ್ದಿತು. ಆಂಧ್ರ ಕರಾವಳಿಗೆ ಅದೂ ಇರಲಿಲ್ಲ. ಜನಪ್ರತಿನಿಧಿಗಳ ಮಾತು ಕೇಳದೆ 1939ರಲ್ಲಿ ಈ ದೇಶವನ್ನು ಯುದ್ಧಕ್ಕೆಳೆದ ಆಳರಸರು, ಶತ್ರು ಬಾಗಿಲಿಗೆ ಬಂದಾಗ ಮದರಾಸಿನ ಕಚೇರಿಗಳನ್ನು ಒಳನಾಡಿಗೆ ಸಾಗಿಸಿದರು. ಕಚೇರಿಗೆ ಗಾಡಿ ಸಿಕ್ಕಿತು; ಕಡಲಿನಲ್ಲಿದ್ದ ನಾವಿಕರಿಗೆ ಏನು ಸಿಕ್ಕಿತು?

ವಿಮಾನ ಕಟ್ಟಬಲ್ಲ ಕೈಗಳು ಈ ನಾಡಿನಲ್ಲಿರಲಿಲ್ಲವೆಂದು ಯಾರೂ ಹೇಳಲಾರರು. ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ನಮ್ಮ ಬೆಂಗಳೂರಿನಲ್ಲಿಯೇ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಆದರೆ ಅದು 1940ರ ಡಿಸೆಂಬರಿನಲ್ಲಿ, ಯುದ್ಧ ತೊಡಗಿ 15 ತಿಂಗಳಾದ ಮೇಲೆ! ಮರುವರುಷ ಅಲ್ಲಿಂದ ಮೊದಲು ಹಾರಿದುದು ತರಬೇತಿಯ ವಿಮಾನ. ಅಂಥ ಕಾರ್ಖಾನೆ ಹತ್ತು ವರುಷ ಮೊದಲೇ ಏಕೆ ಏಳಲಿಲ್ಲವೆಂಬ ನಮ್ಮ ಪ್ರಶ್ನೆಗೆ, ಈ ಕಡಲಿನ ಸುಂಕವನ್ನು ತಲೆಮಾರುಗಳಿಂದ ಎಣಿಸಿಕೊಂಡವರು ಉತ್ತರವನ್ನೇ ಕೊಡಲಿಲ್ಲ.