ತಂದೆಯ ಹೊಣೆ ಬಾಂಗ್‌ನೊಂದಿಗೆ ಆರಂಭವಾಗುವುದಲ್ಲ

ಯಾವುದಾದರೂ ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದೆ ಒಂದು ಗಂಟೆ ಕುಳಿತರೆ ಸಾಕು, ನಮ್ಮ ಕುಟುಂಬಗಳ ಒಂದು ಮುಖ ಅಲ್ಲಿ ಕಾಣಸಿಗುತ್ತದೆ. ಒಳಗೆ ಚೊಚ್ಚಲ ಹೆರಿಗೆಯ ನೋವುಣ್ಣುತ್ತಿರುವ ತರುಣಿ. ಹೊರಗೆ ತಸ್ಬೀಹ್ ಹಿಡಿದು ಪ್ರಾರ್ಥಿಸುತ್ತಿರುವ ಆಕೆಯ ತಾಯಿ. ಔಷಧದ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿರುವ ತಂದೆ. ಹಣ ಹೊಂದಿಸಲು ಯಾರಿಗೋ ಫೋನ್ ಮಾಡುತ್ತಿರುವ ಅಣ್ಣ. ದಾದಿ ಹೊರಬಂದು, 'ಇವರ ಗಂಡ ಯಾರು? ಅವರ ರಕ್ತದ ಗುಂಪು ಯಾವುದು?' ಎಂದು ಕೇಳಿದಾಗ ಎಲ್ಲರೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಗಂಡ ಇನ್ನೊಂದು ಊರಿನಲ್ಲಿದ್ದಾನೆ. ಮಗು ಹುಟ್ಟಿದ ಸುದ್ದಿ ಬಂದೊಡನೆ ಹೊರಡಲು ಸಿದ್ಧನಾಗಿದ್ದಾನೆ. ಮಗುವಿನ ಕಿವಿಯಲ್ಲಿ ಬಾಂಗ್ ಹೇಳಲು ಅವನು ಖಂಡಿತ ಬರುತ್ತಾನೆ, ಸಿಹಿಯನ್ನೂ ಹಂಚುತ್ತಾನೆ. ಆದರೆ ಅದಕ್ಕಿಂತ ಮುಂಚಿನ ಒಂಬತ್ತು ತಿಂಗಳು ಅವನು ಎಲ್ಲಿದ್ದ?

ಇದು ಯಾರೋ ಒಬ್ಬ ತರುಣನ ಮೇಲಿನ ದೂರಲ್ಲ. ಅವನು ಪತ್ನಿಯನ್ನು ಪ್ರೀತಿಸದವನೂ ಅಲ್ಲ. ಅವನಿಗೆ ಈ ವಿಷಯವನ್ನು ಯಾರೂ ಕಲಿಸಿಲ್ಲ, ಅಷ್ಟೇ. ಗರ್ಭಿಣಿಯಾದ ಹೆಣ್ಣುಮಗಳಿಗೆ ತಾಯಿ, ಅತ್ತೆ, ನೆರೆಮನೆಯವರು ನೂರು ಮಾತು ಹೇಳುತ್ತಾರೆ. ಆದರೆ ತಂದೆಯಾಗಲಿರುವವನಿಗೆ ನಾವು ಹೇಳುವುದು ಒಂದೇ ಮಾತು: 'ಇನ್ನು ಸ್ವಲ್ಪ ಹೆಚ್ಚು ದುಡಿ.' ಗರ್ಭ, ಹೆರಿಗೆ, ಬಾಣಂತನ ಇವೆಲ್ಲ ಹೆಂಗಸರ ವಿಷಯ, ಗಂಡಸು ಅದರಲ್ಲಿ ತಲೆಹಾಕುವುದು ಸಭ್ಯತೆಯಲ್ಲ ಎಂದು ಅವನು ನಂಬಿಕೊಂಡಿದ್ದಾನೆ. ಈ ನಂಬಿಕೆಗೆ ಧರ್ಮದ ಆಧಾರವಿದೆಯೇ?

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ರೂಢಿ ನಮ್ಮ ನಾಡಿನ ಎಲ್ಲ ಸಮುದಾಯಗಳಲ್ಲೂ ಇದೆ. ಅದರಲ್ಲಿ ಒಳಿತೂ ಇದೆ. ಮೊದಲ ಬಾರಿ ತಾಯಿಯಾಗುವ ಹುಡುಗಿಗೆ ತನ್ನ ತಾಯಿಯ ಮಡಿಲಿಗಿಂತ ನೆಮ್ಮದಿಯ ಜಾಗ ಬೇರೆ ಯಾವುದಿದೆ? ಆದ್ದರಿಂದ ಅವಳು ತವರಿಗೆ ಹೋಗುವುದಕ್ಕೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆಕ್ಷೇಪ ಇರುವುದು, ಅವಳೊಂದಿಗೆ ಗಂಡನ ಹೊಣೆಯೂ ತವರಿಗೆ ಹೋಗಿಬಿಡುವುದರ ಬಗ್ಗೆ. ಏಳನೇ ತಿಂಗಳಿನಲ್ಲಿ ಕರೆದೊಯ್ಯುವ ಸಮಾರಂಭದ ಊಟ, ಆಸ್ಪತ್ರೆಯ ಬಿಲ್ಲು, ನಲ್ವತ್ತು ದಿನಗಳ ಬಾಣಂತನ, ತೊಟ್ಟಿಲು, ಮಗುವಿಗೆ ಚಿನ್ನ, ಗಂಡನ ಮನೆಯವರಿಗೆ ಬಟ್ಟೆಬರೆ. ಮದುವೆಯ ಸಾಲವನ್ನೇ ಇನ್ನೂ ತೀರಿಸದ ಹೆಣ್ಣಿನ ತಂದೆ ಇದಕ್ಕಾಗಿ ಮತ್ತೆ ಸಾಲ ಮಾಡುತ್ತಾನೆ. ವರದಕ್ಷಿಣೆಯ ವಿರುದ್ಧ ವೇದಿಕೆಗಳಲ್ಲಿ ಮಾತನಾಡುವ ನಾವು, ವರದಕ್ಷಿಣೆಯ ಈ ಎರಡನೆಯ ಕಂತಿನ ಬಗ್ಗೆ ಮೌನವಾಗಿದ್ದೇವೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಏನು ಹೇಳುತ್ತದೆ? ವಿಚ್ಛೇದಿತ ಪತ್ನಿ ಗರ್ಭಿಣಿಯಾಗಿದ್ದರೆ ಆಕೆ ಹೆರುವವರೆಗೂ ಅವಳ ಖರ್ಚನ್ನು ಭರಿಸಬೇಕೆಂದು ಅತ್ತಲಾಕ್ ಅಧ್ಯಾಯದ 6ನೇ ಸೂಕ್ತವು ಪುರುಷನಿಗೆ ಆದೇಶಿಸುತ್ತದೆ. ಮೊಲೆಯೂಡುವ ತಾಯಿಯ ಊಟ ಮತ್ತು ಉಡುಪಿನ ಹೊಣೆ ಮಗುವಿನ ತಂದೆಯ ಮೇಲಿದೆಯೆಂದು ಅಲ್‌ಬಕರ ಅಧ್ಯಾಯದ 233ನೇ ಸೂಕ್ತವು ತಿಳಿಸುತ್ತದೆ. ಸಂಬಂಧವೇ ಮುರಿದುಹೋದ ಮೇಲೂ ಗರ್ಭಿಣಿಯ ಖರ್ಚು ಗಂಡಸಿನದ್ದೆಂದಾದರೆ, ಸಂಸಾರ ನಡೆಸುತ್ತಿರುವ ಪತ್ನಿಯ ಹೆರಿಗೆಯ ಖರ್ಚು ಅವಳ ತಂದೆಯದ್ದಾಗುವುದು ಹೇಗೆ? ತವರಿನವರು ಸಂತೋಷದಿಂದ ಉಡುಗೊರೆ ಕೊಡುವುದು ಬೇರೆ, ಕೊಡದಿದ್ದರೆ ಮಗಳು ಮಾತು ಕೇಳಬೇಕಾದೀತೆಂಬ ಭಯದಿಂದ ಕೊಡುವುದು ಬೇರೆ. ಎರಡನೆಯದಕ್ಕೆ ಉಡುಗೊರೆ ಎಂಬ ಹೆಸರು ಸಲ್ಲದು.

ಆದರೆ ಹಣ ಕೊಟ್ಟಲ್ಲಿಗೆ ತಂದೆಯ ಹೊಣೆ ಮುಗಿಯುವುದಿಲ್ಲ. ತಂದೆಯಾಗಲಿರುವವನು ಮಾಡಬೇಕಾದ ಸಿದ್ಧತೆಗಳು ಹಲವಿವೆ. ಅವು ಮೊದಲ ತಪಾಸಣೆಯ ದಿನವೇ ಆರಂಭವಾಗಬೇಕು.

ಮೊದಲನೆಯದಾಗಿ, ಅವನು ವೈದ್ಯರ ಕೋಣೆಯ ಹೊರಗಿನ ಬೆಂಚಿನಿಂದ ಎದ್ದು ಒಳಗೆ ಹೋಗಬೇಕು. ಪತ್ನಿಯ ತಾಯಿ ಕಾರ್ಡನ್ನು ಓದಲು ಕಲಿಯಬೇಕು. ಅದರಲ್ಲಿ ಅವಳ ತೂಕ, ರಕ್ತದೊತ್ತಡ, ಹಿಮೊಗ್ಲೋಬಿನ್ ಪ್ರಮಾಣ, ಚುಚ್ಚುಮದ್ದುಗಳ ವಿವರ ಇರುತ್ತದೆ. ತನ್ನ ಮತ್ತು ಅವಳ ರಕ್ತದ ಗುಂಪು ಅವನಿಗೆ ಬಾಯಿಪಾಠ ಬರಬೇಕು. ಇದು ಸಣ್ಣ ವಿಷಯವಲ್ಲ. ತಾಯಿಯದು ಆರ್‌ಎಚ್ ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗುವ ಸಾಧ್ಯತೆ ಇರುತ್ತದೆ. ಆಗ ತಾಯಿಯ ದೇಹದಲ್ಲಿ ಮಗುವಿನ ರಕ್ತದ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಸಾಮಾನ್ಯವಾಗಿ ಮೊದಲ ಮಗುವಿಗೆ ತೊಂದರೆಯಾಗದು, ಮುಂದಿನ ಮಗುವಿಗೆ ಅಪಾಯ ಕಾದಿರುತ್ತದೆ. ಗರ್ಭದ 28ನೇ ವಾರದ ಹೊತ್ತಿಗೆ ಮತ್ತು ಪಾಸಿಟಿವ್ ಮಗು ಹುಟ್ಟಿದರೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟರೆ ಇದನ್ನು ತಡೆಯಬಹುದು. ದಾದಿ ಕೇಳಿದ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದುದು ಇದಕ್ಕಾಗಿಯೇ.

ಎರಡನೆಯದು ಊಟದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ 52.2 ಶೇಕಡಾ ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅಂದರೆ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು. ಇದಕ್ಕೆ ಬಡತನವೊಂದೇ ಕಾರಣವಲ್ಲ. ಗಂಡಸರಿಗೆಲ್ಲ ಬಡಿಸಿ, ಮಕ್ಕಳಿಗೆ ಉಣಿಸಿ, ಉಳಿದುದನ್ನು ಸೊಸೆ ತಿನ್ನಬೇಕೆಂಬ ಪದ್ಧತಿ ಉಳ್ಳವರ ಮನೆಗಳಲ್ಲೂ ಇದೆ. ಮೀನು, ಮಾಂಸ, ಮೊಟ್ಟೆ ಬೇಯುವ ಮನೆಯಲ್ಲೇ ಗರ್ಭಿಣಿಯ ತಟ್ಟೆಗೆ ಸಾರು ಮಾತ್ರ ಬೀಳುವುದುಂಟು. ಗಂಡನು ಅವಳೊಂದಿಗೆ ಕುಳಿತು ಉಣ್ಣುವ ಅಭ್ಯಾಸ ಮಾಡಿಕೊಂಡರೆ ಈ ಸಮಸ್ಯೆ ಅರ್ಧ ಪರಿಹಾರವಾಗುತ್ತದೆ. ಸರಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ನೆನಪಿಸಿ ಕೊಡುವುದು, ಅದನ್ನು ಚಹಾದೊಂದಿಗೆ ನುಂಗದಂತೆ ನೋಡಿಕೊಳ್ಳುವುದು ಅವನ ಕೆಲಸವಾಗಬೇಕು. ಚಹಾ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಇನ್ನು ಬೀಡಿ, ಸಿಗರೇಟು ಸೇದುವವನಿಗೆ ಅದನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಸಿಗಲಾರದು. ಅವನು ಮನೆಯೊಳಗೆ ಬಿಡುವ ಹೊಗೆ ಗರ್ಭದಲ್ಲಿರುವ ತನ್ನ ಮಗುವಿಗೂ ಹಾನಿ ಮಾಡುತ್ತದೆ.

ಮೂರನೆಯದು ಅತ್ಯಂತ ಗಂಭೀರವಾದುದು. 2018-20ರಲ್ಲಿ ಭಾರತದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 97 ತಾಯಂದಿರು ಸಾವನ್ನಪ್ಪುತ್ತಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ 69 ಆಗಿದ್ದರೆ, ನೆರೆಯ ಕೇರಳದಲ್ಲಿ ಕೇವಲ 19. ಈ ಅಂತರವೇ ಒಂದು ಸತ್ಯವನ್ನು ಹೇಳುತ್ತದೆ. ತಾಯಂದಿರ ಈ ಸಾವುಗಳಲ್ಲಿ ಹೆಚ್ಚಿನವುಗಳನ್ನು ತಡೆಯಬಹುದಾಗಿದೆ. 'ವಿಧಿ' ಎಂದು ನಿಟ್ಟುಸಿರು ಬಿಡುವ ಮೊದಲು ನಾವು ಮಾಡಬೇಕಾದುದನ್ನು ಮಾಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ರಕ್ತಸ್ರಾವ, ಕಣ್ಣು ಮಂಜಾಗುವಂತಹ ತೀವ್ರ ತಲೆನೋವು, ಮುಖ ಮತ್ತು ಕೈಗಳ ಬಾವು, ಅಪಸ್ಮಾರದಂತಹ ಸೆಳೆತ, ಮಗುವಿನ ಚಲನೆ ಕಡಿಮೆಯಾಗುವುದು, ಅವಧಿಗೆ ಮುನ್ನ ನೀರು ಹೋಗುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಹೆರಿಗೆಯ ನಂತರದ ರಕ್ತಸ್ರಾವವಂತೂ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ಆದ್ದರಿಂದ ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ವಾಹನ ಯಾವುದು, 108 ಆಂಬುಲೆನ್ಸ್ ತಡವಾದರೆ ಏನು ಮಾಡುವುದು, ರಕ್ತ ಕೊಡಬಲ್ಲ ಇಬ್ಬರು ಯಾರು, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದು ಎಂಬ ಪ್ರಶ್ನೆಗಳಿಗೆ ಎಂಟನೇ ತಿಂಗಳು ಮುಗಿಯುವ ಮೊದಲೇ ಅವನಲ್ಲಿ ಉತ್ತರವಿರಬೇಕು.

ಇದರೊಂದಿಗೆ ಇನ್ನೊಂದು ಮಾತನ್ನು ಅವನು ಎರಡೂ ಮನೆಯವರಿಗೆ ಸ್ಪಷ್ಟವಾಗಿ ಹೇಳಿಡಬೇಕು: 'ವೈದ್ಯರು ಶಸ್ತ್ರಚಿಕಿತ್ಸೆ ಬೇಕೆಂದರೆ ನನ್ನ ಫೋನಿಗಾಗಿ ಕಾಯಬೇಡಿ.' ವಯಸ್ಕ ಮಹಿಳೆಯ ಚಿಕಿತ್ಸೆಗೆ ಕಾನೂನಿನ ಪ್ರಕಾರ ಅವಳ ಒಪ್ಪಿಗೆಯೇ ಸಾಕು. ಆದರೆ ಗಂಡನನ್ನು ಕೇಳಬೇಕು, ಮಾವನನ್ನು ಕೇಳಬೇಕು ಎಂಬ ಚರ್ಚೆಯಲ್ಲಿ ನಮ್ಮ ಕುಟುಂಬಗಳು ಅಮೂಲ್ಯ ಸಮಯವನ್ನು ಕಳೆಯುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಸಾವಿರಾರು ತರುಣರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಹೆರಿಗೆಯ ಹೊತ್ತಿಗೆ ರಜೆ ಸಿಗುವುದು ಅವರ ಕೈಯಲ್ಲಿಲ್ಲದಿರಬಹುದು. ಆದರೆ ತಪಾಸಣೆಯ ದಿನ ಕರೆ ಮಾಡಿ ವಿಚಾರಿಸುವುದು, ಹೆರಿಗೆಯ ಹಣವನ್ನು ಮುಂಚಿತವಾಗಿ ಪತ್ನಿಯ ಹೆಸರಿನ ಖಾತೆಗೇ ಹಾಕುವುದು, ತನ್ನ ಪರವಾಗಿ ಓಡಾಡಲು ಸಹೋದರನನ್ನು ನೇಮಿಸುವುದು ಅವರಿಂದ ಸಾಧ್ಯ.

ಹಣದ ವಿಷಯದಲ್ಲಿ ನಮ್ಮಲ್ಲೊಂದು ಹುಸಿ ಪ್ರತಿಷ್ಠೆಯಿದೆ. ಸರಕಾರಿ ಆಸ್ಪತ್ರೆಗೆ ಹೋದರೆ ಜನರೇನೆಂದಾರು ಎಂದು ಚಿನ್ನ ಅಡವಿಟ್ಟು ಖಾಸಗಿ ಆಸ್ಪತ್ರೆ ಸೇರುವವರಿದ್ದಾರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹಿತ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಮತ್ತು ವಾಹನ ಉಚಿತ. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಚೊಚ್ಚಲ ಮಗುವಿಗಾಗಿ 5,000 ರೂಪಾಯಿ ಸಿಗುತ್ತದೆ. ಇವು ನಮ್ಮ ಹಕ್ಕುಗಳು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯನ್ನು ಭೇಟಿಯಾಗಿ ಇವನ್ನು ಕೇಳಿ ಪಡೆಯುವುದು ಗಂಡನ ಕೆಲಸ.

ಮಗುವಿಗೆ ಹೆಸರು ಹುಡುಕುವುದರಲ್ಲಿ ನಾವು ತೋರುವ ಉತ್ಸಾಹವನ್ನು ಆ ಹೆಸರನ್ನು ದಾಖಲಿಸುವುದರಲ್ಲಿ ತೋರುವುದಿಲ್ಲ. 2019-20ರಲ್ಲಿ ಜನನ ಪ್ರಮಾಣ ಪತ್ರಗಳಿಗಾಗಿ ನಮ್ಮ ಹಿರಿಯರು ಕಚೇರಿಗಳಿಗೆ ಅಲೆದುದನ್ನು ಮರೆಯಲಾದೀತೇ? ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್‌ಗಳಿಗೆಲ್ಲ ಜನ್ಮ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣ ಪತ್ರವೇ ಆಧಾರ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಧಾರ್ ಕಾರ್ಡಿನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು ರೀತಿ ಹೆಸರಿರುವ ತಂದೆ ತಾಯಿ, ಹೆರಿಗೆಗೆ ಮೊದಲೇ ಅದನ್ನು ಸರಿಪಡಿಸಿಕೊಳ್ಳುವುದು ಜಾಣತನ. ಆಸ್ಪತ್ರೆಯ ಗಡಿಬಿಡಿಯಲ್ಲಿ ಬರೆಸಿದ ತಪ್ಪು ಅಕ್ಷರವೊಂದು ಮಗುವನ್ನು ಜೀವನಪರ್ಯಂತ ಕಾಡಬಹುದು.

ಇನ್ನು ರಜೆಯ ಪ್ರಶ್ನೆ. 2017ರ ತಿದ್ದುಪಡಿಯು ದುಡಿಯುವ ತಾಯಂದಿರ ವೇತನಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ತಂದೆಗೆ? ಕೇಂದ್ರ ಸರಕಾರದ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ರಂಗದಲ್ಲಿ ದುಡಿಯುವ ತಂದೆಗೆ ಅಂತಹ ಕಾನೂನಿನ ಹಕ್ಕಿಲ್ಲ. ನಮ್ಮ ತರುಣರಲ್ಲಿ ಬಹಳಷ್ಟು ಮಂದಿ ಅಂಗಡಿ, ಹೊಟೇಲು, ಗ್ಯಾರೇಜು, ಗೋದಾಮುಗಳಲ್ಲಿ ದುಡಿಯುತ್ತಾರೆ. ಅವುಗಳ ಮಾಲಕರಲ್ಲಿ ಅನೇಕರು ನಮ್ಮ ಸಮುದಾಯದವರೇ. ಸರಕಾರ ಕಾನೂನು ತರಲಿ ಎಂದು ನಾವು ಆಗ್ರಹಿಸೋಣ. ಆದರೆ ತನ್ನ ಅಂಗಡಿಯ ಹುಡುಗನ ಪತ್ನಿ ಹೆತ್ತಾಗ ಒಂದು ವಾರದ ಸಂಬಳಸಹಿತ ರಜೆ ಕೊಡಲು ಮಾಲಕನಿಗೆ ಯಾವ ಕಾನೂನು ಬೇಕು?

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದ್ದನ್ನು ಬುಖಾರಿ ವರದಿ ಮಾಡಿದ್ದಾರೆ. ಈ ಮಾದರಿಯನ್ನು ಮುಂದಿಟ್ಟುಕೊಂಡವನಿಗೆ ಮಗುವಿನ ಬಟ್ಟೆ ಒಗೆಯುವುದು, ರಾತ್ರಿ ಅಳುವ ಮಗುವನ್ನು ಎತ್ತಿಕೊಂಡು ನಡೆದಾಡುವುದು ಅವಮಾನವೆನಿಸದು. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ, ಮಂಕಾಗಿದ್ದರೆ ಅದನ್ನು ನಾಟಕವೆಂದೋ ದೃಷ್ಟಿಯೆಂದೋ ತಳ್ಳಿಹಾಕದೆ ವೈದ್ಯರಿಗೆ ತೋರಿಸುವುದೂ ಅವನ ಹೊಣೆ. ಹುಟ್ಟಿದ್ದು ಹೆಣ್ಣೆಂದು ಯಾರಾದರೂ ಮುಖ ಸಣ್ಣದು ಮಾಡಿದರೆ ಮೊದಲು ನಗುಮುಖ ತೋರಬೇಕಾದವನು ಅವನು. ಹೆಣ್ಣು ಮಗುವಿನ ಸುದ್ದಿ ಕೇಳಿ ಮುಖ ಕಪ್ಪಿಟ್ಟುಕೊಂಡವರ ನಡೆಯನ್ನು ಅನ್ನಹ್ಲ್ ಅಧ್ಯಾಯವು ಖಂಡಿಸಿರುವುದನ್ನು ನಾವು ಓದಿದ್ದೇವಲ್ಲವೇ?

ನಿಕಾಹ್‌ಗೆ ಮುನ್ನ ವಧೂವರರಿಗೆ ತಿಳುವಳಿಕೆ ಶಿಬಿರ ನಡೆಸುವ ಜಮಾಅತ್‌ಗಳು ಅದರಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು ವೈದ್ಯರೊಬ್ಬರನ್ನು ಕರೆಸಲಿ. ವರ್ಷಕ್ಕೊಂದು ಶುಕ್ರವಾರ ಖತೀಬರು ಗರ್ಭಿಣಿಯ ಹಕ್ಕುಗಳ ಬಗ್ಗೆ ಮಾತನಾಡಲಿ. ಮಗನ ಪತ್ನಿಯ ಹೆರಿಗೆಯ ಬಿಲ್ಲನ್ನು ಬೀಗರ ಕೈಗೆ ಹೋಗಲು ಬಿಡುವುದಿಲ್ಲ ಎಂದು ಗಂಡಿನ ತಂದೆ ತಾಯಿ ತೀರ್ಮಾನಿಸಲಿ. ತಂದೆಯಾಗಲಿರುವ ತರುಣನು ಇಂದು ಸಂಜೆ ಮನೆಗೆ ಹೋದಾಗ ಪತ್ನಿಯ ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಲಿ. ಮುಂದಿನ ತಪಾಸಣೆಯ ದಿನಾಂಕ ಅದರಲ್ಲಿರುತ್ತದೆ. ಆ ದಿನ ಅವಳೊಂದಿಗೆ ಹೋಗುವ ಮೂಲಕ ಅವನು ತಂದೆಯ ಹೊಣೆಯನ್ನು ಆರಂಭಿಸಲಿ.