ಸಹಿ ಹಾಕೋ ಮುಂಚೆ ಒಂದ್ಸಲ ಓದಿ

2020ರ ಏಪ್ರಿಲ್. ಎಲ್ಲರೂ ಮನೆಯೊಳಗೇ ಕೂತಿದ್ದ ಕಾಲ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿ, 'ಅಕ್ಕಾ, ಅಕ್ಕಪಕ್ಕದವರಿಗೆಲ್ಲ ಸರ್ಕಾರದ ದುಡ್ಡು ಬಂತು. ನಮಗೆ ಮಾತ್ರ ಬರಲಿಲ್ಲ. ಅದೂ ನನ್ನಿಂದಾಗಿ' ಎಂದು ಅತ್ತುಬಿಟ್ಟಳು.

ಆ ವರ್ಷ ಮಾರ್ಚ್‌ನಲ್ಲಿ ಆದ ಕಾನೂನಿನ ಪ್ರಕಾರ ದೊಡ್ಡವರಿಗೆ ತಲಾ 1,200 ಡಾಲರ್, 17 ವರ್ಷದೊಳಗಿನ ಮಗುವಿಗೆ 500. ದಂಪತಿಯ ವರಮಾನ ಒಂದೂವರೆ ಲಕ್ಷ ಡಾಲರ್ ದಾಟದಿದ್ದರೆ ಪೂರ್ತಿ ಹಣ. ಇವಳ ಗಂಡನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇತ್ತು, ಅಲ್ಲೇ ಹುಟ್ಟಿದ ಮಗಳಿಗೂ ಇತ್ತು. ಇವಳದ್ದು ಎಚ್-4 ವೀಸಾ. ಕೆಲಸದ ಅನುಮತಿ ಇಲ್ಲ, ಹಾಗಾಗಿ ಆ ನಂಬರೂ ಇಲ್ಲ, ತೆರಿಗೆಗೆಂದು ಕೊಡುವ ಐಟಿಐಎನ್ ಮಾತ್ರ. ಜಂಟಿ ರಿಟರ್ನ್‌ನಲ್ಲಿ ಗಂಡ ಹೆಂಡತಿ ಒಬ್ಬರಿಗೆ ಐಟಿಐಎನ್ ಇದ್ದರೆ (ಸೇನೆಯವರನ್ನು ಬಿಟ್ಟು) ಇಡೀ ಮನೆಗೇ ಸೊನ್ನೆ! ಅಮೆರಿಕದ ಪ್ರಜೆಯಾದ ಆ ಪುಟ್ಟ ಹುಡುಗಿಗೂ. ಬೇರೆ ಬೇರೆ ರಿಟರ್ನ್ ಹಾಕಬಹುದಿತ್ತು, ಆದರೆ ಸಾಮಾನ್ಯವಾಗಿ ತೆರಿಗೆ ಜಾಸ್ತಿಯಾಗುತ್ತೆ. 2008ರಲ್ಲಿ ಜಾರ್ಜ್ ಬುಷ್ ಸರ್ಕಾರ 600 ಡಾಲರ್ ಹಂಚಿದಾಗಲೂ ಇದೇ ಕಥೆ. ಹನ್ನೆರಡು ವರ್ಷದಲ್ಲಿ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲವೇ?

ತಮಾಷೆ ನೋಡಿ, ವೀಸಾದವರು ಅವಳನ್ನು 'ಅವಲಂಬಿತೆ' ಅಂತಾರೆ. ತೆರಿಗೆಯವರ ಲೆಕ್ಕದಲ್ಲಿ ಹೆಂಡತಿ ಅವಲಂಬಿತೆಯೇ ಅಲ್ಲ, ರಿಟರ್ನ್‌ನಲ್ಲಿ ಸರಿಪಾಲು. ಸಹಿ ಅವಳದ್ದೂ ಬೇಕು. ಎಷ್ಟು ಜನ ಓದಿ ಸಹಿ ಹಾಕ್ತಾರೆ ಹೇಳಿ?

2020ರ ಡಿಸೆಂಬರ್‌ನ ಕಾನೂನು ಇದನ್ನು ತಿದ್ದಿತು. ಅಪ್ಪ, ಮಗಳ ಪಾಲಿನ 1,700 ಡಾಲರನ್ನು ರಿಟರ್ನ್‌ನಲ್ಲಿ ಕೇಳಿ ಪಡೆದರು. ಎರಡನೇ ಕಂತಲ್ಲಿ ಇಬ್ಬರಿಗೂ ತಲಾ 600, 2021ರ ಮಾರ್ಚ್‌ನಲ್ಲಿ ತಲಾ 1,400 ಬಂತು. ಅವಳ ಪಾಲು ಕೊನೆವರೆಗೂ ಬರಲಿಲ್ಲ.

ಅವಲಂಬಿತರ ವಿಷಯದಲ್ಲೂ ಗೊಂದಲವೇ. ಕಾಲೇಜು ಓದುವ, 17 ದಾಟಿದ ಮಕ್ಕಳನ್ನು ಅಪ್ಪ ಅಮ್ಮ ತಮ್ಮ ಲೆಕ್ಕದಲ್ಲಿ ತೋರಿಸಿದರೆ ಮೊದಲೆರಡು ಕಂತಲ್ಲಿ ಮಕ್ಕಳಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಮೂರನೆಯದರಲ್ಲಿ ಮಾತ್ರ ಯಾವ ವಯಸ್ಸಿನ ಅವಲಂಬಿತರಿಗೂ 1,400 ಕೊಟ್ಟರು. ಹಾಗಂತ ಮೈಸೂರಲ್ಲಿರುವ ಅತ್ತೆಮಾವನ ಹೆಸರು ಸೇರಿಸೋಕಾಗಲ್ಲ. ತಿಂಗಳು ತಿಂಗಳು ಹಣ ಕಳಿಸಿದರೂ ಅಷ್ಟೆ. ಅಮೆರಿಕದ ಪ್ರಜೆಗಳಲ್ಲದಿದ್ದರೆ ಅಮೆರಿಕ, ಕೆನಡಾ ಅಥವಾ ಮೆಕ್ಸಿಕೊದ ನಿವಾಸಿಗಳಾಗಿರಬೇಕು.

ನಾವೇನು ಕಮ್ಮಿ? 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಅಂದರು. ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲ. ಸಾಹುಕಾರರ ಮನೆಗೆ ಬೇಡ, ಒಪ್ಪೋಣ. ಆದರೆ ಅವನ ದುಡ್ಡು ಅವಳ ಕೈಗೆ ಬರುತ್ತೆ ಅಂತ ಯಾರು ಹೇಳಿದ್ದು?

ಮಗಳನ್ನು, ತಂಗಿಯನ್ನು ಹೊರದೇಶಕ್ಕೆ ಕಳಿಸುವವರು ಚಟ್ನಿಪುಡಿ ಜೊತೆಗೆ ಇದನ್ನೂ ಹೇಳಿ ಕಳಿಸಿ: ರಿಟರ್ನ್‌ಗೆ ಸಹಿ ಹಾಕೋ ಮುಂಚೆ ತನ್ನ ಹೆಸರಿನ ಮುಂದೆ ಯಾವ ನಂಬರಿದೆ, ಮಕ್ಕಳನ್ನು ಹೇಗೆ ತೋರಿಸಿದ್ದಾರೆ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಲಿ. ನನ್ನ ತಂಗಿ ಈಗ ಬೇಳೆ ಡಬ್ಬಿಗಳ ಪಕ್ಕದಲ್ಲೇ ಒಂದು ಫೈಲ್ ಇಟ್ಟಿದ್ದಾಳೆ. ಕೆಲಸದ ಅನುಮತಿ ಸಿಕ್ಕಿ ಆ ನಂಬರೂ ಬಂದಿದೆ, ಅದರ ಜೆರಾಕ್ಸೂ ಅದರಲ್ಲೇ ಇದೆ.