ಮೂಲೆಯ ಫಟಫಟಿಗೆ ಮೊದಲ ಒದೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಹೊಟ್ಟಿನ ಕೋಣೆಯ ಮೂಲೆಯಲ್ಲೋ, ದನದ ಕೊಟ್ಟಿಗೆಯ ಪಕ್ಕದಲ್ಲೋ ಗೋಣಿಚೀಲ ಹೊದ್ದು ನಿಂತ ಒಂದು ಮೋಟಾರು ಸೈಕಲ್ಲು ಇರುವುದುಂಟು. ಅಜ್ಜನ ಬಾಯಲ್ಲಿ ಅದು ಫಟಫಟಿ. ಜಾವಾ ಅಥವಾ ಯೆಜ್ಡಿ. ಐಟಿಐ ಓದುವ ಮೊಮ್ಮಗ ಮಳೆಗಾಲದ ಬಿಡುವಿನಲ್ಲಿ ಅದನ್ನು ಬಿಚ್ಚಿ, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಕೂರಿಸಿ, ವೈರಿಂಗ್ ಬದಲಿಸಿ ನಿಲ್ಲಿಸಿದ್ದಾನೆ ಎಂದುಕೊಳ್ಳಿ. ಇನ್ನುಳಿದದ್ದು ಒಂದು ಒದೆ. ‘ಆ ಹಾಳು ಕಬ್ಬಿಣಕ್ಕೆ ಸುರಿದ ಹೊತ್ತನ್ನು ಪುಸ್ತಕಕ್ಕೆ ಕೊಡಬಾರದೆ?’ ಎಂಬ ತಂದೆಯ ಗೊಣಗಾಟದಲ್ಲಿ ನ್ಯಾಯವಿಲ್ಲವೆಂದಲ್ಲ. ಆದರೆ ಪುಸ್ತಕದ ಎಷ್ಟೋ ಪುಟಗಳು ಆ ಕಬ್ಬಿಣದೊಳಗೇ ಇವೆ.

ಜಾವಾ ಜೆಕೊಸ್ಲೊವಾಕಿಯದ ಕೂಸು. ಯಾನೆಚೆಕ್ ಎಂಬಾತನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿ 1929ರಲ್ಲಿ ಆ ಹೆಸರು ಹುಟ್ಟಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅದನ್ನು ತಯಾರಿಸಿತು; ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು; 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒದೆಯುವ ಕಿಕ್ಕರ್ ಅನ್ನೇ ತಿರುಗಿಸಿದರೆ ಗೇರಿನ ಲಿವರ್ ಆಗುವ ಜಾಣತನ ಅದರದು.

ಒಂದು ಲೆಕ್ಕ ಮಾಡಿ. ಜಾವಾ 250ರ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಗಾತ್ರ 248.9 ಘನ ಸೆಂ.ಮೀ. ಬರುತ್ತದೆ. ಸವೆದ ಸಿಲಿಂಡರನ್ನು ಅರ್ಧ ಮಿ.ಮೀ. ಕೊರೆಸಿದರೆ 252.7 ಆಗುತ್ತದೆ. ಹೆಚ್ಚಿದ್ದು ನಾಲ್ಕು ಘನ ಸೆಂ.ಮೀ. ಕೂಡ ಇಲ್ಲ! ‘ಕೊರೆಸಿದ್ದೇನೆ, ಇನ್ನು ಹಾರುತ್ತದೆ’ ಎಂಬ ಹುಡುಗರ ಹೆಮ್ಮೆಗೆ ಗಣಿತದ ಬೆಂಬಲ ಇಷ್ಟೇ. ಕೊರೆಸುವುದು ಹೋದ ಬಿಗಿಯನ್ನು ಮರಳಿ ತರುವುದಕ್ಕೆ, ವೇಗಕ್ಕಲ್ಲ.

ಒದ್ದರೂ ಗಾಡಿ ಏಳದಿದ್ದರೆ ಹುಡುಕಬೇಕಾದದ್ದು ಕಿಡಿ, ಇಂಧನ, ಒತ್ತಡ. ಕಿಡಿಯನ್ನು ನೋಡುವುದು ಸುಲಭ: ಪ್ಲಗ್ ಬಿಚ್ಚಿ, ಅದರ ಲೋಹವನ್ನು ಎಂಜಿನ್ನಿಗೆ ಆನಿಸಿ, ಪೆಟ್ರೋಲಿನಿಂದ ದೂರವಿಟ್ಟು ಒದ್ದರೆ ನೀಲಿ ಕಿಡಿ ಹಾರಬೇಕು. ಒತ್ತಡದ ವಿಷಯದಲ್ಲೇ ಹಲವರು ಮೋಸಹೋಗುತ್ತಾರೆ. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಪಿಸ್ಟನ್ನಿನ ಮೇಲೆ ಮಾತ್ರವಲ್ಲ, ಕೆಳಗೂ ಕೆಲಸ ನಡೆಯುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಮೇಲಕ್ಕೆ ದೂಡುತ್ತದೆ. ಆ ಕೋಣೆಯ ಇಕ್ಕೆಲದ ರಬ್ಬರ್ ಸೀಲುಗಳು ವರ್ಷಗಟ್ಟಲೆ ನಿಂತು ಒಣಗಿ ಸೀಳಿರುತ್ತವೆ. ಆ ಸೀಳಿನಿಂದ ಬೇಡದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಹೊಸ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಹೊಳೆಯುವ ಬಣ್ಣಕ್ಕೆ ಹಣ ಸುರಿದು ಈ ಸೀಲಿಗೆ ಜಿಪುಣತನ ತೋರುವವರೇ ಹೆಚ್ಚು.

ಇಂಧನದ್ದು ಈ ಕಾಲದ ತೊಡಕು. ಈಗ ಬಂಕಿನಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಕಬ್ಬಿನಿಂದ, ನಮ್ಮ ಹೊಲಗಳಲ್ಲೂ ಬೆಳೆಯುವ ಮೆಕ್ಕೆಜೋಳದಿಂದ ತೆಗೆಯುವ ಈ ಎಥೆನಾಲ್ ನೀರನ್ನು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಕೂಡಿದ ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರ್ ಕೊಳವೆಗಳಿಗೂ ಅದು ಒಗ್ಗದು. ಆದ್ದರಿಂದ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು, ಕೊಳವೆ ಬದಲಿಸಿ, ಕಾರ್ಬುರೇಟರಿನ ಜೆಟ್ಟುಗಳನ್ನು ತೊಳೆದು, ಆಮೇಲೆ ಒಂದೆರಡು ಲೀಟರ್ ಹೊಸತು ಹಾಕಬೇಕು. ಇಪ್ಪತ್ತೈದು ಪಾಲಿಗೆ ಒಂದು ಪಾಲು, ಅಂದರೆ ಲೀಟರಿಗೆ 40 ಮಿಲಿಯಷ್ಟು ಟೂ-ಸ್ಟ್ರೋಕ್ ಎಣ್ಣೆ ಬೆರೆಸುವುದನ್ನು ಮರೆಯುವಂತಿಲ್ಲ. ಈ ಎಂಜಿನ್ನಿನ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಮೂಲಕವೇ.

ಒದೆಯುವ ದಿನ ಗಾಡಿ ಬಯಲಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಪಕ್ಕದಲ್ಲಿ ಮರಳಿನ ಬಕೆಟ್ಟು, ಕಾಲಲ್ಲಿ ಬೂಟು. ಕಿಡಿಯ ಸಮಯ ತಪ್ಪಿದ್ದರೆ ಕಿಕ್ಕರ್ ತಿರುಗಿ ಬಡಿದು ಕಾಲಿನ ಗಂಟು ಮುರಿದೀತು.

ಶಬ್ದ ಕೇಳಿದೊಡನೆ ‘ನಾನೊಮ್ಮೆ ಓಡಿಸಲಾ?’ ಎಂದು ತಮ್ಮ ಓಡಿ ಬರುತ್ತಾನೆ. ಪಾಲಕರು ಗಟ್ಟಿಯಾಗಬೇಕಾದದ್ದು ಇಲ್ಲಿ. ಗೇರಿನ ಗಾಡಿಗೆ 18 ವರ್ಷ ತುಂಬಬೇಕು. ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿದೆ. ನೋಂದಣಿ ಪತ್ರವನ್ನೂ ಹುಡುಕಿಡಿ. 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ಮುನ್ನ ಕೊಂಡ ಗಾಡಿಯಾದರೆ ಅದರ ಜಿಲ್ಲೆ ರಾಯಚೂರು. ನೋಂದಣಿಯ 15 ವರ್ಷ ಎಂದೋ ಮುಗಿದಿರುತ್ತದೆ, ನವೀಕರಿಸದೆ ರಸ್ತೆಗಿಳಿಯುವಂತಿಲ್ಲ. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಶುಲ್ಕ 20,000 ರೂಪಾಯಿ, ಆದರೆ ನಿತ್ಯದ ಓಡಾಟಕ್ಕೆ ಅದು ಸಲ್ಲದು.

ಕಾಗದಪತ್ರ ಸರಿಯಾದ ಮೇಲೆ ಮೊದಲ 500 ಕಿ.ಮೀ. ನಿಧಾನ. ಕುಷ್ಟಗಿಯ ಹೆದ್ದಾರಿ ಎಷ್ಟೇ ನುಣುಪಾಗಿ ಕರೆದರೂ ಪೂರ್ತಿ ತಿರುವಬಾರದು. ನಡುನಡುವೆ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಬಿಳುಚಿದ್ದರೆ ಮಿಶ್ರಣ ತೆಳು, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು. ಕಾಫಿಪುಡಿಯ ಕಂದು ಬಂದಿದ್ದರೆ ಒರೆಸಿ ಮತ್ತೆ ಬಿಗಿಯಬಹುದು.